ಸತ್ತೆ ಬೀಳದ ಹಸು: ಕೈ ಹಾಕಿ ತೆಗೆಸುವುದೋ, ಕಾಯುವುದೋ?

ಕರು ಹಾಕಿ 24 ಗಂಟೆ ಕಳೆದರೂ ಸತ್ತೆ (ಮಾಸು) ಬೀಳದೆ ನೇತಾಡುತ್ತಿದ್ದರೆ ಎರಡು ದಾರಿ. ಕೈ ಹಾಕಿ ತೆಗೆಸಿದರೆ ಕೊಟ್ಟಿಗೆಯ ನಾತ ಬೇಗ ಕಡಿಮೆಯಾಗುತ್ತದೆ, ಅಷ್ಟೇ ಲಾಭ. ಕರು ಹಾಕುವಾಗ ಗಬ್ಬ ಉಳಿಸುವ ಹಾರ್ಮೋನು ಪ್ರೊಜೆಸ್ಟರಾನ್ ಇಳಿದು, ಇನ್ನೊಂದು ಹಾರ್ಮೋನು ಈಸ್ಟ್ರೊಜೆನ್ ಏರುವ ಹೊತ್ತಿಗೆ ಗರ್ಭಕೋಶದ ಗಂಟುಗಳಿಗೆ ಅಂಟಿದ ಸತ್ತೆ ಸಡಿಲವಾಗಬೇಕಿತ್ತು, ಆಗಿಲ್ಲ. ಅದನ್ನು ಎಳೆದರೆ ಒಳಪೊರೆ ಹರಿದು ಸೋಂಕು ತಗಲಬಹುದು, ಮುಂದಿನ ಗಬ್ಬವೂ ತಡವಾಗಬಹುದು.

ಬಿಟ್ಟರೆ ಕೊಳೆತು, ಸಾಮಾನ್ಯವಾಗಿ 4ರಿಂದ 10 ದಿನದೊಳಗೆ ತಾನೇ ಬೀಳುತ್ತದೆ. ವಾಸನೆ ಸಹಿಸಬೇಕು, ಬೆಳಿಗ್ಗೆ ಸಂಜೆ ಜ್ವರ ನೋಡಬೇಕು. ನಾನಂತೂ ಕಾಯಿರಿ ಅಂತಲೇ ಹೇಳುತ್ತೇನೆ. ಜ್ವರ 103 ಡಿಗ್ರಿ ದಾಟಿದರೆ, ಮೇವು ಬಿಟ್ಟರೆ, ತಡಮಾಡದೆ ಪಶುವೈದ್ಯರನ್ನು ಕರೆಸಿ, ಆಂಟಿಬಯೋಟಿಕ್ ಬೇಕಾಗಬಹುದು.

ಆಕ್ಸಿಟೋಸಿನ್ ಚುಚ್ಚಿಸಿದರೆ? ಅದು ಗರ್ಭಕೋಶವನ್ನು ಹಿಂಡುತ್ತದೆ, ಅಂಟನ್ನು ಬಿಡಿಸುವುದಿಲ್ಲ. ನೇತಾಡುವ ತುದಿಗೆ ಕಲ್ಲು ಕಟ್ಟುವುದಂತೂ ಬೇಡವೇ ಬೇಡ.