ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್: ಮನೆಯೊಳಗಿನ ಹುಳುಗಳ ಗುರುತಿಗೆ ಸಾಕೇ?

ಚಿಕ್ಕದನ್ನು ಹತ್ತಿರದಿಂದ ದೊಡ್ಡದಾಗಿ ತೋರಿಸುವ, ಐನೂರು ರೂಪಾಯಿಯೊಳಗೆ ಕೊಂಡ ಈ ಲೆನ್ಸಿನ ಪೆಟ್ಟಿಗೆಯ ಮೇಲಿರುವ ವರ್ಧನೆಯ ಲೆಕ್ಕವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಪೆಟ್ಟಿಗೆಯ ಮೇಲೆ ಇಲ್ಲದಿರುವುದು ಕ್ಲಿಪ್ಪಿನ ವಿಚಾರ. ಫೋನಿನ ಕವರ್ ತೆಗೆಯದೆ ಅದು ಕೂರುವುದಿಲ್ಲ. ಕೂತರೂ ಮುಖ್ಯ ಕ್ಯಾಮೆರಾದ ನಡುವಿನಿಂದ ಕೂದಲೆಳೆಯಷ್ಟು ಸರಿದರೆ ಸಾಕು, ಚಿತ್ರದ ಮೂಲೆ ಕಪ್ಪಾಗುತ್ತದೆ. ಹೊಂದಿಸಿ ಮುಗಿಸುವಷ್ಟರಲ್ಲಿ ಹುಳು ಕಪಾಟಿನ ಹಿಂದೆ ಸೇರಿರುತ್ತದೆ. ಒಂದೆರಡು ಸೆಂಟಿಮೀಟರಿನಷ್ಟು ಹತ್ತಿರ ಹೋಗದೆ ಫೋಕಸ್ ಸಿಗುವುದಿಲ್ಲ, ಹೋದರೆ ಫೋನಿನ ನೆರಳೇ ಹುಳುವನ್ನು ಮುಚ್ಚುತ್ತದೆ. ಕ್ಲಿಪ್ಪಿನ ರಬ್ಬರ್ ಸವೆದು ಹೋಗಿದ್ದು, ಈಗ ಸೈಕಲ್ ಟ್ಯೂಬಿನ ತುಂಡು ಅಂಟಿಸಿಕೊಂಡು ಬಳಸುತ್ತಿದ್ದೇನೆ.

ಆದರೂ ಮಳೆಗಾಲದ ಬೆಳಗುಗಳಲ್ಲಿ, ರಾತ್ರಿ ಜಗಲಿಯ ದೀಪಕ್ಕೆ ಬಂದು ಗೋಡೆಗೆ ಅಂಟಿಕೊಂಡವುಗಳನ್ನು ಕಸಪೊರಕೆ ತಲುಪುವ ಮೊದಲೇ ನೋಡಿಬರುವುದು ಅಭ್ಯಾಸವಾಗಿಬಿಟ್ಟಿದೆ. ಹುಳುವಿನ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಅಡಿಯಿಂದ ಹಳೆಯ ಮದುವೆ ಕಾರ್ಡನ್ನು ಮೆಲ್ಲಗೆ ತೂರಿಸಿ, ಕಿಟಕಿಯ ಬೆಳಕಿಗೆ ಒಯ್ಯುತ್ತೇನೆ. ಹುಳು ಓಡಾಟ ನಿಲ್ಲಿಸಿದ ಮೇಲೆ ಲೋಟವನ್ನೆತ್ತಿ, ಬೆನ್ನು, ಪಕ್ಕ ಮತ್ತು ಮುಖದ ಚಿತ್ರಗಳನ್ನು ತೆಗೆದು ತೋಟಕ್ಕೆ ಬಿಡುತ್ತೇನೆ. ಗುರುತಿಗೆ ಬೇಕಾದುದು ಅಂದದ ಚಿತ್ರವಲ್ಲ. ಕಾಲುಗಳೆಷ್ಟು, ಮೀಸೆ ಹೇಗಿದೆ, ಸೊಂಟ ಎಲ್ಲಿದೆ ಎಂಬುದು ಕಾಣಬೇಕು, ಅಷ್ಟನ್ನು ಈ ಅಗ್ಗದ ಗಾಜು ತೋರಿಸುತ್ತದೆ.

ಮೊದಲು ಬೆರಗು ಹುಟ್ಟಿಸಿದ್ದು ಗೋಡೆಯ ಮೇಲೆ ತೆವಳುವ, ಸೌತೆಬೀಜದಂತಹ ಬೂದು ಚೀಲ. ಅದು ಬಟ್ಟೆ ತಿನ್ನುವ ಪತಂಗಗಳ ಕುಟುಂಬಕ್ಕೇ ಸೇರಿದ ಒಂದು ಪತಂಗದ ಮರಿಹುಳುವಿನ ಗೂಡು. ಮರಳು, ಧೂಳು, ನೂಲಿನ ಎಳೆಗಳನ್ನು ತನ್ನ ರೇಷ್ಮೆಯಿಂದ ಹೊಸೆದು ಹುಳು ಅದನ್ನು ಕಟ್ಟಿಕೊಳ್ಳುತ್ತದೆ. ಎರಡೂ ತುದಿಗಳು ತೆರೆದಿರುವುದರಿಂದ ಯಾವ ಕಡೆಯಿಂದಲಾದರೂ ತಲೆ ಹೊರಗೆ ಹಾಕಬಲ್ಲದು. ಹಳೆಯ ಜೇಡರಬಲೆ, ಉದುರಿದ ಕೂದಲು, ಉಣ್ಣೆ ಇದರ ಆಹಾರ. ಬಲೆ ಗುಡಿಸಿದರೆ ಇದೂ ಕಡಿಮೆಯಾಗುತ್ತದೆ.

ಆಮೇಲೆ ಇರುವೆಯಲ್ಲದ ಇರುವೆಗಳ ಸರದಿ. ಮಾವಿನಮರದ ಚಗಳಿ ಇರುವೆಯಂತೆ ಕಿಟಕಿಗೆ ಬಂದದ್ದಕ್ಕೆ ಲೆನ್ಸಿನಲ್ಲಿ ಎಂಟು ಕಾಲುಗಳಿದ್ದವು, ಮುಂದಿನ ಜೋಡಿಯನ್ನು ಮೀಸೆಯಂತೆ ಎತ್ತಿ ಆಡಿಸುತ್ತಿತ್ತು. ಅದು ಇರುವೆಯನ್ನು ಅನುಕರಿಸುವ ಜೇಡ. ಇನ್ನೊಂದು, ಕಿತ್ತಳೆ ಮತ್ತು ಕಪ್ಪು ಬಣ್ಣದ, ಮೋಟು ರೆಕ್ಕೆಪೊರೆಯ ಪೀಡೆರಸ್ ಜೀರುಂಡೆ. ಇದು ಕಚ್ಚುವುದಿಲ್ಲ, ಆದರೆ ಮೈಮೇಲೆ ಜಜ್ಜಿದರೆ ಅದರ ದ್ರವದಲ್ಲಿರುವ ಪೆಡೆರಿನ್ ಎಂಬ ವಿಷದಿಂದ ಒಂದೆರಡು ದಿನಗಳಲ್ಲಿ ಸುಟ್ಟಂತಹ ಬೊಕ್ಕೆ ಏಳುತ್ತದೆ. ಊದಿ ಹಾರಿಸಿ, ತಗುಲಿದ ಜಾಗವನ್ನು ಸೋಪಿನಿಂದ ತೊಳೆಯಬೇಕು. ಇದೊಂದರ ಪರಿಚಯಕ್ಕೇ ಕೊಟ್ಟ ಹಣ ಸಂದಿದೆ ಎಂಬುದು ನನ್ನ ಲೆಕ್ಕ.

ಹುಳುಗಳ ಹೆಸರು ತಿಳಿಯಲು ಚಿತ್ರಗಳನ್ನು ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕುತ್ತೇನೆ. 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆರಂಭಿಸಿದ ಈ ತಾಣಕ್ಕೆ ಹಣ ಕೊಡಬೇಕಿಲ್ಲ. ಚಿತ್ರ ನೋಡಿ ತಾಣದ ಕಂಪ್ಯೂಟರ್ ಒಂದು ಹೆಸರು ಸೂಚಿಸುತ್ತದೆ, ಆಮೇಲೆ ಮನುಷ್ಯರು ಬಂದು ಅದನ್ನು ಒಪ್ಪುತ್ತಾರೆ ಇಲ್ಲವೇ ತಿದ್ದುತ್ತಾರೆ. ಮನೆಯಲ್ಲಿ ತೆಗೆದ ಚಿತ್ರವಾದ್ದರಿಂದ ಸ್ಥಳವನ್ನು ಮಸುಕಾಗಿಸುವ ಆಯ್ಕೆಯನ್ನು ಮರೆಯದೆ ಒತ್ತಬೇಕು.

ಫೋನಿನಲ್ಲೇ ಒಳ್ಳೆಯ ಮ್ಯಾಕ್ರೋ ಇರುವವರಿಗೆ ಈ ಲೆನ್ಸ್ ಬೇಡ. ನನ್ನಂತೆ ಹಳೆಯ ಫೋನಿನಲ್ಲೇ ಕಾಲ ತಳ್ಳುವವರು ಕೊಳ್ಳಬಹುದು, ಆದರೆ ಅಂಗಡಿಯಲ್ಲೇ ತಮ್ಮ ಫೋನಿಗೆ ಸಿಕ್ಕಿಸಿ ನೋಡಿ ಕೊಳ್ಳಲಿ.