ಫೈರ್‌ಪ್ಲೇಸ್‌ಗೆ ಇನ್ಸರ್ಟ್ ಹಾಕಿಸಿ ಎರಡು ಚಳಿಗಾಲ ಆಯಿತು

ನ್ಯೂ ಹ್ಯಾಂಪ್‌ಶೈರ್‌ನ ನಮ್ಮ ಹಳೇ ಮನೆಯಲ್ಲಿ ಇಟ್ಟಿಗೆಯ ಫೈರ್‌ಪ್ಲೇಸ್ ಇದೆ. ಬೆಂಕಿ ಹಾಕಿದರೆ ಎದುರಿಗೆ ಕೂತವರ ಮೊಣಕಾಲು ಸುಡುತ್ತಿತ್ತು, ಹಿಂದಿನ ಬೆಡ್‌ರೂಮ್ ಮಾತ್ರ ಇನ್ನೂ ತಣ್ಣಗಾಗುತ್ತಿತ್ತು. ತೆರೆದ ಬೆಂಕಿ ಮನೆಯ ಬೆಚ್ಚಗಿನ ಗಾಳಿಯನ್ನೇ ಎಳೆದು ಚಿಮಣಿಗೆ ಕಳಿಸುತ್ತದೆ, ಆ ಜಾಗ ತುಂಬಲು ಕಿಟಕಿ ಬಾಗಿಲ ಸಂದಿಯಿಂದ ಹೊರಗಿನ ಚಳಿಗಾಳಿ ನುಗ್ಗುತ್ತದೆ. ಸೌದೆಯ ಶಾಖದಲ್ಲಿ ನೂರಕ್ಕೆ 10 ಪಾಲು ಮನೆಗೆ ದಕ್ಕಿದರೆ ಹೆಚ್ಚು.

ಅದಕ್ಕೇ ಇನ್ಸರ್ಟ್ ಹಾಕಿಸಿದೆವು. ಫೈರ್‌ಪ್ಲೇಸ್‌ನ ಗೂಡಿನೊಳಗೆ ಕೂರುವ, ಗಾಜಿನ ಬಾಗಿಲಿರುವ ಕಬ್ಬಿಣದ ಒಲೆ ಅದು. ಅಲ್ಲಿಂದ ಚಿಮಣಿಯ ತುದಿವರೆಗೆ 6 ಇಂಚಿನ ಸ್ಟೀಲ್ ಲೈನರ್, ಅಂದರೆ ಹೊಗೆ ಹೋಗುವ ಕೊಳವೆ. ಬಾಗಿಲು ಮುಚ್ಚಿರುವುದರಿಂದ ಉರಿಗೆ ಬೇಕಾದಷ್ಟೇ ಗಾಳಿ ಹೋಗುತ್ತದೆ, ಹೊಗೆಯೂ ಒಳಗೇ ಉರಿದು ಶಾಖ ಕೊಡುತ್ತದೆ. ದಕ್ಷತೆ ನೂರಕ್ಕೆ 70ರ ಮೇಲೆ ಅಂತ ಲೇಬಲ್ ಹೇಳುತ್ತಿತ್ತು.

ಆದರೆ ಮೊದಲ ಚಳಿಗಾಲ ಮನೆ ಅಂದುಕೊಂಡಷ್ಟು ಬೆಚ್ಚಗಾಗದೆ ನಿಜವಾಗಿ ಬೇಸರವಾಯಿತು. ಅಷ್ಟು ದುಡ್ಡು ಕೊಟ್ಟಿದ್ದೆವು, ಬೇಸರ ಆಗದೆ ಇರುತ್ತಾ? ಆಮೇಲೆ ಬೇರೆಯವರನ್ನು ಕರೆಸಿ ನೋಡಿಸಿದರೆ, ಕೂರಿಸಿಕೊಟ್ಟವರು ಲೈನರ್ ಸುತ್ತ ಡ್ಯಾಂಪರ್‌ನ (ಚಿಮಣಿಯ ಬುಡದಲ್ಲಿರುವ ಮುಚ್ಚಳದ) ಜಾಗವನ್ನು ಹಾಗೇ ತೆರೆದು ಬಿಟ್ಟಿದ್ದರು, ಒಲೆಯ ಬೆನ್ನಿನ ಶಾಖವೆಲ್ಲ ಸುಮ್ನೆ ಮೇಲೆ ಹೋಗುತ್ತಿತ್ತು. ಒಂದು ತಗಡು ಕತ್ತರಿಸಿ ಮುಚ್ಚಿ, ಮೇಲೆ ಶಾಖ ತಡೆಯುವ, ಬೆಂಕಿ ಹತ್ತದ ರಾಕ್ ವುಲ್ ಹಾಸಿಸಿದೆವು. ಅವತ್ತೇ ವ್ಯತ್ಯಾಸ ಗೊತ್ತಾಯಿತು.

ಇನ್ನೊಂದು ತೊಂದರೆ ಸೌದೆಯದು. ಒಣಗಿದ್ದು ಅಂತ ಕೊಟ್ಟ ಸೌದೆ ಸುಂಯ್ ಅನ್ನುತ್ತಿತ್ತು, ಗಾಜು ಕಪ್ಪಾಗುತ್ತಿತ್ತು. ಒಂದು ತುಂಡು ಸೀಳಿ ಒಳಮೈಗೆ ಮೀಟರ್ ಚುಚ್ಚಿದರೆ ತೇವಾಂಶ ನೂರಕ್ಕೆ 28, ಇರಬೇಕಾದ್ದು 20ಕ್ಕಿಂತ ಕಡಿಮೆ. ಹಸಿ ಸೌದೆಯ ಶಾಖ ಅದರೊಳಗಿನ ನೀರು ಆರಿಸುವುದಕ್ಕೇ ಖರ್ಚಾಗುತ್ತದೆ, ಚಿಮಣಿಯಲ್ಲಿ ಬೆಂಕಿ ಹತ್ತುವಂಥ ಅಂಟು ಮಸಿಯೂ ಕಟ್ಟುತ್ತದೆ. ತೀರ್ಥಹಳ್ಳಿಯಲ್ಲಿ ಅಜ್ಜಿ ಮಳೆ ಹಿಡಿಯುವ ಮೊದಲೇ ಬಚ್ಚಲೊಲೆಯ ಸೌದೆಯೆಲ್ಲ ಕೊಟ್ಟಿಗೆ ಸೇರಬೇಕು ಅಂತ ಹಟ ಹಿಡಿಯುತ್ತಿದ್ದರಲ್ಲ, ಅದು ಇಲ್ಲಿ ಬಂದ ಮೇಲೆ ನನಗೆ ಅರ್ಥವಾಯಿತು.

ಈಗ ರಾತ್ರಿ ಹತ್ತಕ್ಕೆ ತುಂಬಿಸಿದರೆ ಬೆಳಿಗ್ಗೆ ಆರಕ್ಕೂ ಕೆಂಡ ಇರುತ್ತದೆ. ಒಲೆಯ ಬಿಸಿಗಾಳಿಯನ್ನು ಹೊರಗೆ ತಳ್ಳುವ ಬ್ಲೋಯರ್ ಫ್ಯಾನಿನ ಸದ್ದು ಮಾತ್ರ ಜಾಸ್ತಿ, ಟಿವಿ ನೋಡುವಾಗ ಕಿರಿಕಿರಿ. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ, ಆಗ ಹಾಲ್ ಬೆಚ್ಚಗಿರುತ್ತದೆ, ರೂಮುಗಳಿಗೆ ಶಾಖ ಅಷ್ಟು ಮುಟ್ಟುವುದಿಲ್ಲ.

ಹಾಕಿಸುವವರು ಕೊಟೇಶನ್‌ನಲ್ಲಿ ಆ ತಗಡು ಇದೆಯಾ ಅಂತ ಮೊದಲೇ ಕೇಳಿ. ಸೌದೆಯನ್ನೂ ಈಗಲೇ ತರಿಸಿ. ಓಕ್ ಒಣಗಲು ಎರಡು ಬೇಸಿಗೆ ಬೇಕು, ನಾವು ಮೊನ್ನೆ ಒಟ್ಟಿದ ರಾಶಿ ಬರುವ ಚಳಿಗಾಲಕ್ಕಲ್ಲ, ಅದರ ಮುಂದಿನದಕ್ಕೆ.