ಜೂಜಿನ ಲಿಂಕ್, ಜೂಜಿನ ಜಾಹೀರಾತು: ಜಿಲ್ಲಾ ಸುದ್ದಿ ತಾಣಕ್ಕೆ ಯಾವ ಜಾಹೀರಾತು ವ್ಯವಸ್ಥೆ ಒಗ್ಗುತ್ತದೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸುದ್ದಿ ತಾಣಕ್ಕೆ ಜೂಜಿನ ವಿಷಯ ಬಾರದೆ ಇರುವುದಿಲ್ಲ. ಓಸಿ, ಅಂದರೆ ಮಟ್ಕಾ ಬರೆಯುವವನ ಬಂಧನ, ಇಸ್ಪೀಟ್ ಅಡ್ಡೆ ಮೇಲೆ ದಾಳಿ, ಐಪಿಎಲ್ ಬೆಟ್ಟಿಂಗ್, ಗಡಿಯಾಚೆಯ ಮಹಾರಾಷ್ಟ್ರ ಲಾಟರಿ ಎಲ್ಲವೂ ಇಲ್ಲಿ ಸುದ್ದಿಯೇ. ಆ ಪುಟಗಳಲ್ಲಿ ಜಾಹೀರಾತು ಹೇಗೆ ನಡೆದುಕೊಳ್ಳುತ್ತದೆ ಎಂಬುದರಲ್ಲಿ ವ್ಯವಸ್ಥೆಗಳ ನಡುವೆ ದೊಡ್ಡ ವ್ಯತ್ಯಾಸವಿದೆ.

ತಾಣಗಳಲ್ಲಿ ಜಾಹೀರಾತು ತೋರಿಸಿ ಮಾಲೀಕರಿಗೆ ಹಣ ಕೊಡುವ ಗೂಗಲ್ ಆ್ಯಡ್‌ಸೆನ್ಸ್ ತನ್ನ ನಿಯಮಗಳನ್ನು ಎರಡು ಭಾಗ ಮಾಡಿದೆ: ನೀತಿ ಮತ್ತು ನಿರ್ಬಂಧ. ಆನ್‌ಲೈನ್ ಜೂಜು ಇರುವುದು ನಿರ್ಬಂಧದ ಪಟ್ಟಿಯಲ್ಲಿ. ಕಸಿನೊ, ಕ್ರೀಡಾ ಬೆಟ್ಟಿಂಗ್, ಆನ್‌ಲೈನ್ ಲಾಟರಿ ಟಿಕೆಟ್ ಮಾರಾಟದ ಪುಟವಿದ್ದರೆ ಖಾತೆ ಹೋಗುವುದಿಲ್ಲ; ಆ ಪುಟಕ್ಕೆ ಬರುವ ಜಾಹೀರಾತು ಕಡಿಮೆಯಾಗುತ್ತದೆ, ಹಲವು ಸಲ ಜಾಗ ಖಾಲಿ ಉಳಿಯುತ್ತದೆ. ಖಾತೆಯಲ್ಲಿ ನಿಯಮದ ತಕರಾರು ತೋರಿಸುವ ಪಾಲಿಸಿ ಸೆಂಟರ್‌ನಲ್ಲಿ ಇದು ಬೇರೆಯಾಗಿಯೇ ಕಾಣುತ್ತದೆ, ತಿದ್ದಲೇಬೇಕೆಂಬ ಒತ್ತಾಯವಿಲ್ಲ. ಆದರೆ ಕಾನೂನುಬಾಹಿರ ಚಟುವಟಿಕೆಗೆ ಒತ್ತುಕೊಡುವ ಬರಹ ನೀತಿಯ ಪಟ್ಟಿಗೆ ಸೇರುತ್ತದೆ. ಹಾಗಾಗಿ ‘ಇಂದಿನ ಮಟ್ಕಾ ನಂಬರ್’ ಎಂಬ ಚಾರ್ಟ್ ಪುಟವನ್ನು ಬರೀ ನಿರ್ಬಂಧದ ಲೆಕ್ಕಕ್ಕೆ ಹಿಡಿದು ಸುಮ್ಮನಿರುವುದು ಅಪಾಯ. ದಾಳಿಯ ಸುದ್ದಿ ಬೇರೆ, ಚಾರ್ಟ್ ಬೇರೆ. ಸುದ್ದಿಪುಟಕ್ಕೆ ತಪ್ಪಾಗಿ ಗುರುತು ಬಿದ್ದರೆ ಅಲ್ಲಿಂದಲೇ ಮರುಪರಿಶೀಲನೆ ಕೇಳಬಹುದು. ಕೇಳುವ ಮೊದಲು ಪುಟದ ಕೆಳಗಿನ ‘ಇದನ್ನೂ ಓದಿ’ ಲಿಂಕ್‌ಗಳನ್ನೊಮ್ಮೆ ನೋಡಿ, ಅಲ್ಲಿ ಜೂಜಿನ ಪುಟ ಇರಬಾರದು.

ನಮ್ಮ ತಾಣದಲ್ಲಿ ಜೂಜಿನ ಜಾಹೀರಾತು ಬರಬಾರದು ಎನ್ನುವುದಕ್ಕೆ ಆ್ಯಡ್‌ಸೆನ್ಸ್‌ನಲ್ಲಿ ಜಾಹೀರಾತು ತಡೆಯುವ ಬ್ಲಾಕಿಂಗ್ ಕಂಟ್ರೋಲ್ಸ್‌ಗೆ ಹೋಗಬೇಕು. ಇಲ್ಲಿ ಬಹಳ ಮಂದಿ ಎಡವುತ್ತಾರೆ. ನಿಜ ಹಣದ ಜೂಜು ನಿರ್ಬಂಧಿತ ವರ್ಗ. ನಾವೇ ಅನುಮತಿ ಕೊಡದಿದ್ದರೆ ಅದು ಬರುವುದಿಲ್ಲ. ಆದರೆ ‘ಸೋಶಿಯಲ್ ಕಸಿನೊ’, ಅಂದರೆ ರೊಕ್ಕ ಗೆಲ್ಲಲಾಗದ ಸ್ಲಾಟ್‌ನಂಥ ಕಸಿನೊ ಆಟ, ಸೂಕ್ಷ್ಮ ವರ್ಗಗಳ ಪಟ್ಟಿಯಲ್ಲಿ ಬೇರೆಯಾಗಿದೆ. ಅದನ್ನು ಕೈಯಾರೆ ಮುಚ್ಚಬೇಕು. ಮುಚ್ಚದಿದ್ದರೆ ಓದುಗನಿಗೆ ಕಾಣುವುದು ಕಸಿನೊದ ಚಿತ್ರವೇ.

ಇನ್ನೊಂದು ಜಾಹೀರಾತು ನೆಟ್‌ವರ್ಕ್ ಮೀಡಿಯಾ ಡಾಟ್ ನೆಟ್ ಇದಕ್ಕಿಂತ ಕಟ್ಟುನಿಟ್ಟು. ಜೂಜಿನ ತಾಣಗಳನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಬೇಕಾದದ್ದು ಅಮೆರಿಕ, ಬ್ರಿಟನ್, ಕೆನಡಾದ ಇಂಗ್ಲಿಷ್ ಓದುಗರು, ಆದ್ದರಿಂದ ಮುಧೋಳ, ಜಮಖಂಡಿ, ಇಂಡಿಯ ಓದುಗರಿರುವ ಕನ್ನಡ ತಾಣ ಅದರ ಉಸಾಬರಿಗೆ ಹೋಗದಿದ್ದರೂ ನಡೆಯುತ್ತದೆ.

ಆ್ಯಡ್‌ಸ್ಟೆರಾ, ಪ್ರೊಪೆಲ್ಲರ್‌ಆ್ಯಡ್ಸ್ ಎಂಬ ನೆಟ್‌ವರ್ಕ್‌ಗಳು ಇದಕ್ಕೆ ತೀರಾ ತದ್ವಿರುದ್ಧ. ಜೂಜು, ಬೆಟ್ಟಿಂಗ್ ಅವುಗಳ ಬಹಿರಂಗ ವ್ಯಾಪಾರ. ಸೇರುವುದು ಸುಲಭ, ಕನಿಷ್ಠ ಪಾವತಿ 5 ಡಾಲರ್‌ನಿಂದ ಶುರು. ಆ್ಯಡ್‌ಸೆನ್ಸ್‌ನಲ್ಲಿ 100 ಡಾಲರ್ ಆಗುವವರೆಗೆ ಕಾಯಬೇಕು. ಸಣ್ಣ ತಾಣದವರು ಅತ್ತ ಹೋಗುವುದು ಈ ಕಾರಣಕ್ಕೇ. ಆದರೆ ಹಿಂದಿನ ಕಿಟಕಿಯಲ್ಲಿ ತೆರೆಯುವ ಪಾಪ್‌ಅಂಡರ್‌ನಲ್ಲಿ ಯಾವ ಜಾಹೀರಾತು ಬಂತೆಂದು ತಾಣದ ಮಾಲೀಕನಿಗೇ ಕಾಣುವುದಿಲ್ಲ. ಆ್ಯಡ್‌ಸೆನ್ಸ್ ಇರುವ ಪುಟದಲ್ಲೇ ಇದನ್ನೂ ಕೂಡಿಸಿದರೆ ಓದುಗನನ್ನು ಬೇಡದ ತಾಣಕ್ಕೆ ತಳ್ಳಿದ ತಪ್ಪು ಆ್ಯಡ್‌ಸೆನ್ಸ್ ಖಾತೆಯ ಮೇಲೆ ಬೀಳುತ್ತದೆ.

ಇದೆಲ್ಲಕ್ಕೂ ಮೇಲೆ ಕಾನೂನಿದೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ನೋಡುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟದ ಜಾಹೀರಾತಿಗೆ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೆಟ್ಟಿಂಗ್ ಕಂಪನಿಗಳು ಸುದ್ದಿ ತಾಣದ ಹೆಸರಿನಲ್ಲಿ ಮರೆಮಾಚಿ ಪ್ರಚಾರ ಮಾಡುವುದರ ಬಗ್ಗೆ ಕೇಂದ್ರ ವಾರ್ತಾ ಇಲಾಖೆ 2022ರ ಅಕ್ಟೋಬರ್ 3ರಂದೇ ಎಚ್ಚರಿಸಿತ್ತು. ನೆಟ್‌ವರ್ಕ್ ಒಪ್ಪಿದೆ ಎಂಬ ಮಾತು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ‘ಕ್ರಿಕೆಟ್ ಲೇಖನ ಹಾಕಿ, ಡಾಲರ್ ಕೊಡುತ್ತೇವೆ’ ಎಂಬ ಮೇಲ್‌ನ ಒಳಗಿರುವ ಲಿಂಕ್‌ಗೂ ಇದೇ ಮಾತು. ಹಣ ಪಡೆದ ಲಿಂಕ್ ಎಂದು ಹೇಳುವ ‘ಸ್ಪಾನ್ಸರ್ಡ್’ ಗುರುತು ಗೂಗಲ್ ಹುಡುಕಾಟದ ನಿಯಮಕ್ಕೆ ಸಾಕಾಗಬಹುದು, ಕಾಯ್ದೆಗೆ ಸಾಲದು.

ಎಲ್ಲ ಮುಚ್ಚಿದ ಮೇಲೂ ಕಸಿನೊ ಕಂಡರೆ, ಜಾಹೀರಾತಿನ ಮೂಲೆಯಲ್ಲಿ ಆ್ಯಡ್‌ಚಾಯ್ಸಸ್ ತ್ರಿಕೋನ ಇದೆಯೇ ನೋಡಿ. ಇಲ್ಲದಿದ್ದರೆ ಅದು ಗೂಗಲ್‌ನದಲ್ಲದಿರುವ ಸಾಧ್ಯತೆಯೇ ಹೆಚ್ಚು. ಹ್ಯಾಕ್ ಆದ ವರ್ಡ್‌ಪ್ರೆಸ್ ತಾಣ ಲಾಗಿನ್ ಆದ ಅಡ್ಮಿನ್‌ಗೆ ಸರಿಯಾಗಿ ಕಂಡು, ಗೂಗಲ್‌ನಿಂದ ಬಂದ ಮೊಬೈಲ್ ಓದುಗನನ್ನು ಮಾತ್ರ ಸ್ಲಾಟ್ ತಾಣಕ್ಕೆ ಒಯ್ಯುವುದುಂಟು. ಪರೀಕ್ಷೆಗೆ ವಿಳಾಸ ಟೈಪ್ ಮಾಡಬೇಡಿ; ಲಾಗಿನ್ ಇಲ್ಲದ ಫೋನ್‌ನಲ್ಲಿ ಗೂಗಲ್ ಹುಡುಕಿ, ಫಲಿತಾಂಶ ಒತ್ತಿ ಒಳಗೆ ಬನ್ನಿ.

ಹಳೆಯ ಲಿಂಕ್‌ಗಳದ್ದು ಮತ್ತೊಂದು ಕಥೆ. ಕುಸ್ತಿ ಸಂಘವೊಂದರ ಡೊಮೇನ್ ಅವಧಿ ಮುಗಿದರೆ ಅದನ್ನು ಕಸಿನೊದವರು ಕೊಂಡುಬಿಡಬಹುದು. ಲಿಂಕ್ ಸತ್ತಿಲ್ಲವಾದ್ದರಿಂದ ಮುರಿದ ಲಿಂಕ್ ಹುಡುಕುವ ಪ್ಲಗಿನ್‌ಗೆ ಅದು ಸಿಗುವುದಿಲ್ಲ. ಹೊರಹೋಗುವ ಡೊಮೇನ್‌ಗಳ ಪಟ್ಟಿ ತೆಗೆದು ಕಣ್ಣಿನಿಂದಲೇ ನೋಡಬೇಕು.

ಉಳಿದದ್ದು ನೇರ ಜಾಹೀರಾತು, ಅಂದರೆ ನೆಟ್‌ವರ್ಕ್ ಇಲ್ಲದೆ ವ್ಯಾಪಾರಿಗಳಿಂದಲೇ ಪಡೆಯುವಂಥದ್ದು. ನಮ್ಮ ಆಯ್ಕೆ ಇದು ಮತ್ತು ಆ್ಯಡ್‌ಸೆನ್ಸ್, ಎರಡೂ ಕೂಡಿ. ಇಳಕಲ್ ಸೀರೆ, ಅಮೀನಗಡದ ಕರದಂಟು, ವಿಜಯಪುರದ ಒಣದ್ರಾಕ್ಷಿ, ಡ್ರಿಪ್ ಡೀಲರ್, ಕೋಚಿಂಗ್ ಕ್ಲಾಸ್ ಎಲ್ಲರೂ ಇಲ್ಲೇ ಇದ್ದಾರೆ. 300×250 ಮತ್ತು 320×50 ಪಿಕ್ಸೆಲ್ ಅಳತೆಯ ಎರಡು ಚಿತ್ರ ಸಾಕು. ಎಚ್ಚರ ಬೇಕಾದದ್ದು ಗೋವಾ ಟ್ರಿಪ್ ಏಜೆಂಟರ ಬ್ಯಾನರ್‌ಗೆ. ಮಾಂಡೋವಿ ನದಿಯ ಕಸಿನೊ ಹಡಗು ಅಲ್ಲಿ ಕಾನೂನುಬದ್ಧ, ಆದರೆ ಬ್ಯಾನರ್ ಒತ್ತಿದರೆ ಆನ್‌ಲೈನ್ ಆಟದ ಪುಟ ತೆರೆಯಬಾರದು. ಲಾಟರಿ ಮಾರಾಟ ಕರ್ನಾಟಕದಲ್ಲಿ 2007ರಿಂದಲೇ ಇಲ್ಲ, ಆ ಬ್ಯಾನರ್ ಬೇಡವೇ ಬೇಡ. ಕರಾರಿನಲ್ಲಿ ಒಂದು ಸಾಲು ಸೇರಿಸಿ: ಲಿಂಕ್ ಜಾಹೀರಾತುದಾರನ ಸ್ವಂತ ಪುಟಕ್ಕೇ ಹೋಗಬೇಕು, ನಡುವೆ ಬದಲಾಯಿಸಿದರೆ ಕೇಳದೆಯೇ ತೆಗೆದುಹಾಕಲಾಗುವುದು.